ಬೆಲ್ಟ್ ಸರಿ ಇತ್ತು, ಪುಲ್ಲಿ ಕೈಕೊಟ್ಟಿತ್ತು

ಗುಂಡ್ಯ ಬಿಟ್ಟು ಶಿರಾಡಿ ಘಾಟಿ ಹತ್ತುತ್ತಿದ್ದೆ. ಜುಲೈ ತಿಂಗಳು, ಮಳೆ ಅಂದ್ರೆ ಮಳೆ. ವೈಪರ್, ಹೆಡ್‌ಲೈಟ್, ಎಸಿ ಮೂರೂ ಓಡುತ್ತಿದ್ದವು. ಕೆಂಪುಹೊಳೆ ದಾಟಿ ಸ್ವಲ್ಪ ಮೇಲೆ ಹೋಗಿದ್ದೆ ಅಷ್ಟೇ, ಮೀಟರ್ ಬೋರ್ಡಿನಲ್ಲಿ ಕೆಂಪು ಬ್ಯಾಟರಿ ದೀಪ ಹತ್ತಿತು. ಹಿಂದೆಯೇ ಗಾಜು ಮಂಜಾಗತೊಡಗಿತು, ಅಂದರೆ ಎಸಿ ಕೆಲಸ ಬಿಟ್ಟಿದೆ. ಇನ್ನೆರಡು ತಿರುವಿಗೆ ಟೆಂಪರೇಚರ್ ಮುಳ್ಳು ಅರ್ಧ ದಾಟಿ ಮೇಲಕ್ಕೆ ಹೊರಟಿತು. ರಸ್ತೆ ಅಗಲ ಇರುವ ಜಾಗ ನೋಡಿ ನಿಲ್ಲಿಸಿದೆ.

ಈ ಮೂರೂ ಒಟ್ಟಿಗೆ ಕೆಟ್ಟರೆ ಎಂಜಿನ್ನಿನ ಫ್ಯಾನ್ ಬೆಲ್ಟ್ ತುಂಡಾಗಿದೆ ಅಂತಲೇ ಲೆಕ್ಕ. ಅಷ್ಟು ನನಗೂ ಗೊತ್ತಿತ್ತು. ಛತ್ರಿ ಹಿಡಿದುಕೊಂಡು ಬಾನೆಟ್ ಎತ್ತಿದರೆ ಬೆಲ್ಟ್ ಇದೆ! ತನ್ನ ಜಾಗದಲ್ಲೇ, ಬಿಗಿಯಾಗಿ, ಒಂದು ಎಳೆಯೂ ಬಿಡದೆ ಕೂತಿದೆ. ಕೂರದೆ ಏನು, ಎರಡು ತಿಂಗಳ ಹಿಂದಷ್ಟೇ ಹಾಕಿಸಿದ ಹೊಸ ಬೆಲ್ಟ್. ಆರು ತಿಂಗಳಲ್ಲಿ ಎರಡನೆಯದು.

ಬೆಲ್ಟ್ ಇದೆ, ಎಂಜಿನ್ ಓಡುತ್ತದೆ, ಆದರೆ ಬೆಲ್ಟ್ ತಿರುಗಿಸಬೇಕಾದ ಯಾವುದೂ ತಿರುಗುತ್ತಿಲ್ಲ. ಇದು ಹೇಗೆ ಸಾಧ್ಯ ಅಂತ ಅರ್ಥವಾಗಿದ್ದು ಸಂಜೆ, ಸಕಲೇಶಪುರದ ಒಂದು ಗ್ಯಾರೇಜಿನಲ್ಲಿ. ಕಾರನ್ನು ಟ್ರಕ್ಕಿನ ಮೇಲೆ ಹೇರಿಸಿಕೊಂಡು ಹೋಗಿದ್ದೆ. ಅಲ್ಲಿನ ಮೇಸ್ತ್ರಿಗೆ ಅರವತ್ತರ ಆಸುಪಾಸು. ನಾನು ಕಥೆ ಹೇಳುತ್ತಿದ್ದರೆ ಅವರು ಅರ್ಧವೂ ಕೇಳಲಿಲ್ಲ. ಮುಂದಿನ ಬಲ ಚಕ್ರ ಬಿಚ್ಚಿಸಿದರು, ಒಳಗಿನ ಪ್ಲಾಸ್ಟಿಕ್ ಮುಚ್ಚಳ ತೆಗೆಸಿದರು. ಎಂಜಿನ್ನಿನ ತಳಭಾಗದಲ್ಲಿ ಊಟದ ತಟ್ಟೆಗಿಂತ ಚಿಕ್ಕದಾದ ಒಂದು ಕಪ್ಪು ಗಾಲಿ, ಅಂದರೆ ಪುಲ್ಲಿ, ಕಾಣಿಸಿತು. ಜೇಬಿನಿಂದ ವೈಟ್ನರ್ ಪೆನ್ ತೆಗೆದರು, ಮಕ್ಕಳು ನೋಟ್‌ಬುಕ್ಕಿನಲ್ಲಿ ತಪ್ಪು ಅಳಿಸಲು ಬಳಸ್ತಾರಲ್ಲ, ಅದೇ. ಗಾಲಿಯ ನಡುವಿನ ಬೋಲ್ಟಿನಿಂದ ಅಂಚಿನವರೆಗೆ ಒಂದು ನೇರ ಗೆರೆ ಎಳೆದರು. ಹುಡುಗನಿಗೆ ಸ್ಟಾರ್ಟ್ ಮಾಡು ಅಂದರು. ಐದು ಸೆಕೆಂಡ್, ಆಫ್.

ಗೆರೆ ಎರಡು ತುಂಡಾಗಿತ್ತು. ಒಳಗಿನ ಅರ್ಧ ಮೇಲೆ, ಹೊರಗಿನ ಅರ್ಧ ಎಲ್ಲೋ ಕೆಳಗೆ.

"ಕೈ ತಿರುಗ್ತಿದೆ ಸಾರ್, ಬಳೆ ನಿಂತಿದೆ," ಅಂದರು ಮೇಸ್ತ್ರಿ.

ನನ್ನ ಹಾಗೆ ನೀವೂ ಪುಲ್ಲಿ ಅಂದರೆ ಬಾವಿಯ ಗಡಗಡೆ ಥರ ಒಂದೇ ಕಬ್ಬಿಣದ ತುಂಡು ಅಂದುಕೊಂಡಿದ್ದರೆ, ಮುಂದಿನದು ನಿಮಗಾಗಿ.

ಕಾರಿನ ಎಂಜಿನ್ನಿನಲ್ಲಿ ಪಿಸ್ಟನ್‌ಗಳು ಮೇಲೆ ಕೆಳಗೆ ಆಡುತ್ತವೆ. ಆ ಆಟವನ್ನು ಸುತ್ತುವ ಚಲನೆಯಾಗಿ ಬದಲಾಯಿಸುವುದು ಕ್ರಾಂಕ್ ಶಾಫ್ಟ್. ಅದರ ಒಂದು ತುದಿ ಗೇರ್‌ಬಾಕ್ಸ್ ಕಡೆಗೆ ಹೋಗಿ ಚಕ್ರ ತಿರುಗಿಸುತ್ತದೆ. ಇನ್ನೊಂದು ತುದಿಗೆ ಬೋಲ್ಟ್ ಹಾಕಿ ಕೂರಿಸಿರುವುದೇ ಕ್ರಾಂಕ್ ಪುಲ್ಲಿ. ಈ ಪುಲ್ಲಿಯ ಗೀರುಗಳ ಮೇಲೆ ಬೆಲ್ಟ್ ಓಡುತ್ತದೆ. ಬೆಲ್ಟ್ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ತಿರುಗಿಸುತ್ತದೆ (ನಮ್ಮ ಗ್ಯಾರೇಜುಗಳಲ್ಲಿ ಇವತ್ತಿಗೂ ಅದು ಡೈನಮೋ), ಎಸಿ ಕಂಪ್ರೆಸರನ್ನು ತಿರುಗಿಸುತ್ತದೆ, ನನ್ನ ಕಾರಿನ ಹಾಗೆ ಹಲವು ಕಾರುಗಳಲ್ಲಿ ನೀರಿನ ಪಂಪನ್ನೂ ತಿರುಗಿಸುತ್ತದೆ. ಹಳೆಯ ಕಾರಾದರೆ ಪವರ್ ಸ್ಟೀರಿಂಗ್ ಪಂಪ್ ಕೂಡ ಇದರ ಪಾಲಿಗೇ. ಫ್ಯಾನ್ ಈಗ ಕರೆಂಟಿನಲ್ಲಿ ಓಡುತ್ತದೆ, ಆದರೂ ನಾವು ಇದನ್ನು ಫ್ಯಾನ್ ಬೆಲ್ಟ್ ಅನ್ನುವುದು ಬಿಟ್ಟಿಲ್ಲ.

ಇಷ್ಟೇ ಕೆಲಸವಾಗಿದ್ದರೆ ಒಂದು ಗಟ್ಟಿ ಕಬ್ಬಿಣದ ಗಾಲಿ ಸಾಕಿತ್ತು. ಆದರೆ ಈ ಪುಲ್ಲಿಗೆ ಇನ್ನೊಂದು ಕೆಲಸ ಇದೆ. ಅದು ಹೊರಗೆ ಕಾಣುವುದಿಲ್ಲ.

ಕ್ರಾಂಕ್ ಶಾಫ್ಟ್ ನೋಡಿದರೆ ಇದನ್ನು ಯಾರು ಬಗ್ಗಿಸೋಕೆ ಸಾಧ್ಯ ಅನಿಸುತ್ತದೆ. ಅಷ್ಟು ದಪ್ಪ ಉಕ್ಕು. ಆದರೂ ಅದು ತಿರುಚಿಕೊಳ್ಳುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 2000 ಸುತ್ತು ಸುತ್ತುವಾಗ ಒಳಗೆ ನಿಮಿಷಕ್ಕೆ 4000 ಸಲ ಇಂಧನ ಹೊತ್ತಿಕೊಳ್ಳುತ್ತದೆ. ಸೆಕೆಂಡಿಗೆ 66ಕ್ಕೂ ಜಾಸ್ತಿ. ಒಂದೊಂದು ಸಲವೂ ಶಾಫ್ಟಿನ ಒಂದು ಕಡೆಗೆ ಸುತ್ತಿಗೆಯಲ್ಲಿ ಹೊಡೆದಂಥ ಏಟು. ಏಟು ಬಿದ್ದ ಭಾಗ ಮುಂದೆ ಓಡುತ್ತದೆ, ಉಳಿದ ಭಾಗ ಒಂದು ಚೂರು ಹಿಂದೆ ಉಳಿಯುತ್ತದೆ. ಒದ್ದೆ ಬಟ್ಟೆ ಹಿಂಡಿದಾಗ ಆಗುವ ತಿರುಚು ಇದೆಯಲ್ಲ, ಅದೇ. ಇಲ್ಲಿ ಒಂದು ಡಿಗ್ರಿಗಿಂತಲೂ ಕಡಿಮೆ, ಅಷ್ಟೇ ವ್ಯತ್ಯಾಸ. ಏಟು ಮುಗಿದ ಕೂಡಲೇ ಶಾಫ್ಟ್ ಸ್ಪ್ರಿಂಗ್ ಥರ ವಾಪಸ್ ಬರುತ್ತದೆ, ಆಚೆ ಹೋಗುತ್ತದೆ, ಮತ್ತೆ ಬರುತ್ತದೆ.

ನಾಗರ ಪಂಚಮಿಗೆ ಉತ್ತರ ಕರ್ನಾಟಕದ ಊರುಗಳಲ್ಲಿ ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಜೋಕಾಲಿ ಹಿಂದಕ್ಕೆ ಬಂದು ಮುಂದೆ ಹೊರಡುವ ಹೊತ್ತಿಗೇ ಸರಿಯಾಗಿ ಒಂದು ಚಿಕ್ಕ ನೂಕು ಕೊಡ್ತಾ ಹೋದರೆ ಸಾಕು, ನಾಲ್ಕೈದು ನೂಕಿಗೆ ಅದು ಕೊಂಬೆ ಮುಟ್ಟುತ್ತದೆ. ಕ್ರಾಂಕ್ ಶಾಫ್ಟಿನದೂ ಇದೇ ಕಥೆ. ಅದಕ್ಕೂ ತನ್ನದೇ ಆದ ಒಂದು ತೂಗಾಟದ ಲಯ ಇದೆ, ಸೆಕೆಂಡಿಗೆ ನೂರಾರು ಸಲದ್ದು. ಎಂಜಿನ್ನಿನ ಏಟುಗಳು ಕೆಲವು ವೇಗಗಳಲ್ಲಿ ಆ ಲಯಕ್ಕೆ ತಾಳ ಹಾಕಿಬಿಡುತ್ತವೆ. ಆಗ ತಿರುಚು ಏಟಿನಿಂದ ಏಟಿಗೆ ಬೆಳೆಯುತ್ತದೆ. ಹೀಗೇ ಬಿಟ್ಟರೆ ಕೊನೆಗೆ ಉಕ್ಕು ಬಿರುಕು ಬಿಡುತ್ತದೆ. ಇದು ಬರೀ ಪುಸ್ತಕದ ಮಾತಲ್ಲ. 1900ರ ನಂತರದ ಮೊದಲ ವರ್ಷಗಳಲ್ಲಿ ಬಂದ ಉದ್ದನೆಯ ಆರು ಸಿಲಿಂಡರಿನ ಎಂಜಿನ್‌ಗಳಲ್ಲಿ ಕ್ರಾಂಕ್ ಶಾಫ್ಟ್‌ಗಳು ನಿಜಕ್ಕೂ ಮುರಿಯುತ್ತಿದ್ದವು. ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1910ರ ಆಸುಪಾಸಿನಲ್ಲಿ ಇದಕ್ಕೆ ನಡುಕ ತಗ್ಗಿಸುವ ಒಂದು ಡ್ಯಾಂಪರ್ ಮಾಡಿದರು. ಇವತ್ತಿನ ಪುಲ್ಲಿ ಅದೇ ವಂಶದ್ದು.

ಈಗ ಪುಲ್ಲಿಯ ಒಳಗೆ ಏನಿದೆ ನೋಡೋಣ. ನಡುವೆ ಒಂದು ಗಟ್ಟಿ ಗುಂಬ, ಇದು ಬೋಲ್ಟಿನಿಂದ ಶಾಫ್ಟಿಗೆ ಅಂಟಿಕೊಂಡಿದೆ. ಹೊರಗೆ ಭಾರವಾದ ಒಂದು ಕಬ್ಬಿಣದ ಬಳೆ, ಬೆಲ್ಟ್ ಕೂರುವ ಗೀರುಗಳು ಇದರ ಮೇಲಿವೆ. ಗುಂಬಕ್ಕೂ ಬಳೆಗೂ ನಡುವೆ ಕೆಲವೇ ಮಿಲಿಮೀಟರ್ ದಪ್ಪದ ರಬ್ಬರ್ ಪಟ್ಟಿ. ಕಬ್ಬಿಣಕ್ಕೆ ಕಬ್ಬಿಣ ಎಲ್ಲೂ ತಾಗುವುದಿಲ್ಲ. ಎರಡನ್ನೂ ಹಿಡಿದಿರುವುದು ರಬ್ಬರ್ ಒಂದೇ.

ಶಾಫ್ಟ್ ತಟಕ್ಕನೆ ತಿರುಚಿಕೊಂಡಾಗ ಗುಂಬ ಅದರ ಜೊತೆ ಕದಲುತ್ತದೆ. ಬಳೆ ಭಾರ, ಅಷ್ಟು ಬೇಗ ಕದಲುವುದಿಲ್ಲ. ನಡುವಿನ ರಬ್ಬರ್ ಎಳೆದಾಡಿಸಿಕೊಳ್ಳುತ್ತದೆ. ಹಾಗೆ ಎಳೆದಾಡಿಸಿಕೊಳ್ಳುವಾಗ ಆ ನಡುಕದ ಶಕ್ತಿಯನ್ನು ತಾನು ನುಂಗಿ ಬಿಸಿಯಾಗುತ್ತದೆ. ಬಳೆಯ ತೂಕ ಎಷ್ಟಿರಬೇಕು, ರಬ್ಬರ್ ಎಷ್ಟು ಗಟ್ಟಿ ಇರಬೇಕು ಅನ್ನುವುದನ್ನು ಆಯಾ ಎಂಜಿನ್ನಿನ ಲಯ ನೋಡಿಯೇ ನಿರ್ಧರಿಸಿರುತ್ತಾರೆ. ಶಾಫ್ಟ್ ಆ ಕಡೆ ತೂಗಿದರೆ ಬಳೆ ಈ ಕಡೆ ಎಳೆಯುತ್ತದೆ. ಜೋಕಾಲಿಯನ್ನು ತಪ್ಪು ಹೊತ್ತಿನಲ್ಲಿ ಹಿಡಿದೆಳೆಯುವ ತುಂಟ ಹುಡುಗನ ಕೆಲಸ.

ಅಂದಮೇಲೆ ರಬ್ಬರಿನ ಮೇಲೆ ಎರಡು ಹೊರೆ. ನಡುಕ ನುಂಗುವುದು ಒಂದು. ಬೆಲ್ಟಿಗೆ ಹೋಗುವ ಬಲವನ್ನೆಲ್ಲ ಗುಂಬದಿಂದ ಬಳೆಗೆ ದಾಟಿಸುವುದು ಇನ್ನೊಂದು. ಘಾಟಿಯಲ್ಲಿ ನನ್ನ ಕಾರಿನಲ್ಲಿ ಆಗಿದ್ದು ಇಷ್ಟೇ. ರಬ್ಬರ್ ಬಿಟ್ಟುಕೊಂಡಿತ್ತು. ಗುಂಬ ಶಾಫ್ಟಿನ ಜೊತೆ ಸುತ್ತುತ್ತಿತ್ತು, ಬಳೆ ಮಾತ್ರ ನಿಂತುಬಿಟ್ಟಿತ್ತು. ಬಳೆ ನಿಂತರೆ ಬೆಲ್ಟ್ ನಿಲ್ಲುತ್ತದೆ, ಬೆಲ್ಟ್ ನಿಂತರೆ ಡೈನಮೋ, ಎಸಿ, ನೀರಿನ ಪಂಪ್ ಎಲ್ಲವೂ ನಿಲ್ಲುತ್ತವೆ. ಮಳೆಯಲ್ಲಿ ಲೈಟ್, ವೈಪರ್, ಎಸಿ ಎಲ್ಲ ಹಾಕಿದ್ದರಿಂದ ಬೆಲ್ಟಿನ ಮೇಲೆ ಜಾಸ್ತಿ ಭಾರ ಇತ್ತು. ಸಾಯುತ್ತಿದ್ದ ರಬ್ಬರಿಗೆ ಅದೇ ಕೊನೆಯ ಏಟಾಯಿತು.

ಹಾಗಂತ ಇದು ದಿಢೀರನೆ ಆದದ್ದಲ್ಲ. ಆರು ತಿಂಗಳಿಂದ ಕಾರು ಹೇಳುತ್ತಲೇ ಇತ್ತು. ಕೇಳುವವರಿಗೆ ಭಾಷೆ ಬರಲಿಲ್ಲ.

ಮೊದಲು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದೆರಡು ಸೆಕೆಂಡ್ ಕೀಚಲು ಶಬ್ದ. ಬೆಲ್ಟ್ ಹಳೆಯದಾಗಿದೆ ಅಂದರು, ಬದಲಾಯಿಸಿದರು. ಹದಿನೈದು ದಿನ ಸುಮ್ಮನಿತ್ತು. ಆಮೇಲೆ ಎಸಿ ಹಾಕಿದಾಗ ಮಾತ್ರ ಶಬ್ದ. ಎಸಿ ಕಂಪ್ರೆಸರ್ ಹೋಗಿರಬಹುದು ಅಂತ ಹೆದರಿಸಿದರು. ನಾನು ಒಪ್ಪಲಿಲ್ಲ, ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ಬದಲಾಯಿಸಿಕೊಂಡು ಬಂದೆ. ನಂತರ ಸಿಗ್ನಲ್‌ನಲ್ಲಿ ನಿಂತಾಗ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಮಾಯ. ಡೀಸೆಲ್ ಗಾಡಿ, ಅಷ್ಟು ಶಬ್ದ ಇದ್ದೇ ಇರುತ್ತೆ ಅಂದುಕೊಂಡೆ. ಅಷ್ಟರಲ್ಲಿ ಆ ಹೊಸ ಬೆಲ್ಟಿನ ಒಂದು ಅಂಚು ಸವೆದು ದಾರ ಬಿಡತೊಡಗಿತು. ಮತ್ತೆ ಬೆಲ್ಟ್ ಬದಲಾಯಿಸಿದರು. ಎರಡು ಬೇರೆ ಬೇರೆ ಕಡೆ ತೋರಿಸಿದ್ದೆ. ಒಬ್ಬರೂ ಬೆಲ್ಟ್ ಯಾಕೆ ಒಂದೇ ಅಂಚಿನಲ್ಲಿ ಸವೆಯಿತು ಅಂತ ಕೇಳಲಿಲ್ಲ. ನಾನೂ ಕೇಳಲಿಲ್ಲ ಬಿಡಿ.

ಕೇಳಿದ್ದರೆ ಉತ್ತರ ಅಲ್ಲೇ ಇತ್ತು. ರಬ್ಬರ್ ಹಿಡಿತ ಬಿಟ್ಟಾಗ ಬಳೆ ತಿರುಗುವ ದಿಕ್ಕಿನಲ್ಲಿ ಜಾರುವುದಷ್ಟೇ ಅಲ್ಲ, ಪಕ್ಕಕ್ಕೂ ಸರಿಯುತ್ತದೆ. ಒಂದೆರಡು ಮಿಲಿಮೀಟರ್ ಸರಿದರೂ ಸಾಕು, ಬೆಲ್ಟ್ ಓರೆಯಾಗಿ ಓಡುತ್ತದೆ, ಒಂದೇ ಅಂಚು ಉಜ್ಜುತ್ತದೆ. ಹೊಸ ಬೆಲ್ಟಿನ ಹಿಡಿತ ಚೆನ್ನಾಗಿರುವುದರಿಂದ ಕೆಲವು ದಿನ ಶಬ್ದ ಅಡಗುತ್ತದೆ, ಕಾಯಿಲೆ ವಾಸಿಯಾಯಿತು ಅನಿಸುತ್ತದೆ. ಇನ್ನೊಂದು ಮಾತು. ಈಗಿನ ಬೆಲ್ಟುಗಳು ಹೆಚ್ಚಾಗಿ ಇಪಿಡಿಎಂ ಅನ್ನುವ ರಬ್ಬರಿನವು. ಹಳೆಯವುಗಳ ಹಾಗೆ ಬೇಗ ಬಿರುಕು ಬಿಡದೆ ಸುಮ್ನೆ ಒಳಗೊಳಗೇ ಸವೆಯುತ್ತವೆ, ಆರಾಮಾಗಿ ವರ್ಷಗಟ್ಟಲೆ ಬರುತ್ತವೆ. ಅಂಥದ್ದೊಂದು ನಾಲ್ಕು ತಿಂಗಳಿಗೆ ಹಾಳಾದರೆ ಬೆಲ್ಟನ್ನು ಬೈಯಬೇಡಿ, ಅದು ಓಡುವ ದಾರಿ ನೋಡಿ.

ಅಂದಹಾಗೆ, ಬೆಲ್ಟಿನ ಬೆನ್ನ ಮೇಲೆ 6ಪಿಕೆ1750 ಅಂತ ಏನೋ ಬರೆದಿರುತ್ತದೆ. 6 ಅಂದರೆ ಆರು ಗೀರು, 1750 ಅಂದರೆ ಉದ್ದ, ಮಿಲಿಮೀಟರಿನಲ್ಲಿ. ನಡುವಿನ ಪಿಕೆ ಗೀರಿನ ಅಳತೆಯ ಜಾತಿ. ಅಂಗಡಿಯವರು ಹತ್ತಿರದ ಸೈಜ್ ಕೊಟ್ಟು ಅಡ್ಜಸ್ಟ್ ಆಗುತ್ತೆ ಅಂದರೆ ಒಪ್ಪಬೇಡಿ.

ಕೀಚಲು ಬಂದಾಗಲೆಲ್ಲ ಕ್ರಾಂಕ್ ಪುಲ್ಲಿಯೇ ಹೋಗಿದೆ ಅಂತಲೂ ಅಲ್ಲ. ಬೆಲ್ಟಿನ ದಾರಿಯಲ್ಲಿ ಇನ್ನೂ ನಾಲ್ಕೈದು ಪುಲ್ಲಿಗಳಿವೆ. ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್, ಸುಮ್ನೆ ದಾರಿ ತೋರಿಸುವ ಐಡ್ಲರ್, ಡೈನಮೋದ್ದು, ಎಸಿಯದು, ನೀರಿನ ಪಂಪಿನದು. ಇವುಗಳಲ್ಲಿ ಸಾಮಾನ್ಯವಾಗಿ ಹೋಗುವುದು ಬೇರಿಂಗ್. ಬೇರಿಂಗಿನ ಶಬ್ದ ಕೀಚಲಲ್ಲ, ಗೊರಗೊರ. ಎಂಜಿನ್ ವೇಗ ಏರಿದಂತೆ ಅದರ ಶ್ರುತಿಯೂ ಏರುತ್ತದೆ. ಬೆಲ್ಟ್ ಬಿಚ್ಚಿ ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದರೆ ಗೊತ್ತಾಗುತ್ತದೆ. ಐಡ್ಲರ್ ತಿರುಗಿಸಿದಾಗ ಸರ್ರನೆ ಶಬ್ದ ಮಾಡುತ್ತಾ ತುಂಬ ಹೊತ್ತು ತಿರುಗಿದರೆ ಖುಷಿಪಡಬೇಡಿ, ಒಳಗಿನ ಗ್ರೀಸ್ ಒಣಗಿದೆ ಅಂತ ಅರ್ಥ. ಒಳ್ಳೆಯದು ಶಬ್ದವಿಲ್ಲದೆ ಸ್ವಲ್ಪ ತಿರುಗಿ ನಿಲ್ಲುತ್ತದೆ. ಕೆಲವು ಕಾರುಗಳಲ್ಲಿ, ಮುಖ್ಯವಾಗಿ ಡೀಸೆಲ್‌ಗಳಲ್ಲಿ, ಡೈನಮೋದ ಪುಲ್ಲಿ ಸೈಕಲ್ಲಿನ ಹಿಂದಿನ ಚಕ್ರದ ಹಾಗೆ ಒಂದೇ ಕಡೆ ಹಿಡಿದು ಇನ್ನೊಂದು ಕಡೆ ಸಡಿಲ ತಿರುಗುತ್ತದೆ. ಅದು ಜಾಮ್ ಆದರೂ ಬೆಲ್ಟ್ ಕುಣಿದು ಟೆನ್ಷನರ್ ಕಟಕಟ ಅನ್ನುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಲ್ಲಿ ನನಗೆ ತುಂಬ ಹಿಡಿಸಿದ್ದು ಮೇಸ್ತ್ರಿಯ ಗೆರೆ. ಎಂಜಿನ್ ಆಫ್ ಮಾಡಿ, ಕೀಲಿ ಜೇಬಿನಲ್ಲಿಟ್ಟುಕೊಂಡು, ಗುಂಬದಿಂದ ಬಳೆಯವರೆಗೆ ಒಂದೇ ಗೆರೆ ಎಳೆಯಿರಿ. ಒಂದು ವಾರ ಓಡಿಸಿ ನೋಡಿ. ಗೆರೆ ಮುರಿದಿದ್ದರೆ ಬೇರೆ ಸಾಕ್ಷಿ ಬೇಡ. ನನ್ನ ಕಾರಿನಲ್ಲಿ ಐದು ಸೆಕೆಂಡಿಗೆ ಮುರಿಯಿತು, ಶುರುವಿನ ಹಂತದಲ್ಲಾದರೆ ವಾರಕ್ಕೆ ಬೆರಳಗಲ ಜಾರಬಹುದು. ಟಾರ್ಚ್ ಹಿಡಿದು ರಬ್ಬರನ್ನೂ ನೋಡಿ. ಬಿರುಕು, ಹೊರಗೆ ಉಬ್ಬಿದ ತುಣುಕು, ಸುತ್ತ ಕಪ್ಪು ಪುಡಿ ಇದ್ದರೆ ದಿನ ಹತ್ತಿರ ಬಂದಿದೆ. ಇನ್ನೊಂದು ಉಪಾಯ ಮೊಬೈಲಿನ ಸ್ಲೋ ಮೋಷನ್ ವಿಡಿಯೋ. ಎಂಜಿನ್ ಓಡುವಾಗ ದೂರದಿಂದ ಪುಲ್ಲಿಯ ಅಂಚನ್ನು ಹಿಡಿದು ನೋಡಿದರೆ ಅಂಚು ಅತ್ತಿತ್ತ ಓಲಾಡುವುದು ಸ್ಪಷ್ಟ ಕಾಣುತ್ತದೆ, ಪಂಚರ್ ಅಂಗಡಿಯಲ್ಲಿ ಡೊಂಕು ರಿಮ್ ತಿರುಗಿಸಿದ ಹಾಗೆ. ಲುಂಗಿ, ದುಪಟ್ಟಾ, ಬಿಚ್ಚಿದ ಕೂದಲು ಇದ್ದವರು ಓಡುವ ಬೆಲ್ಟಿನ ಹತ್ತಿರವೂ ಹೋಗಬೇಡಿ. ಅದು ಬೆರಳು ಕೇಳುತ್ತದೆ.

ನೀರು ಚಿಮುಕಿಸುವ ಪರೀಕ್ಷೆಯನ್ನೂ ಮೆಕ್ಯಾನಿಕ್‌ಗಳು ಮಾಡುತ್ತಾರೆ. ಬೆಲ್ಟಿನ ಗೀರಿನ ಕಡೆ ಸ್ವಲ್ಪ ನೀರು ಬಿದ್ದಾಗ ಕೀಚಲು ಕ್ಷಣ ಹೊತ್ತು ನಿಂತು ಮತ್ತೆ ಬಂದರೆ ಓರೆ ಓಟದ ಗುಮಾನಿ, ನೀರು ಬಿದ್ದ ಕೂಡಲೇ ಜೋರಾದರೆ ಬಿಗಿ ಸಾಲದು. ಇದನ್ನೇ ನಂಬಿ ಕೂರುವ ಹಾಗಿಲ್ಲ, ದಿಕ್ಕು ಸಿಗುತ್ತದೆ ಅಷ್ಟೇ.

ರಬ್ಬರ್ ಯಾಕೆ ಸಾಯುತ್ತದೆ? ವಯಸ್ಸು ಮತ್ತು ಬಿಸಿ, ಇವೆರಡು ಎಲ್ಲರಿಗೂ. ಡೀಸೆಲ್ ಎಂಜಿನ್ನಿನ ಏಟು ಪೆಟ್ರೋಲಿಗಿಂತ ಗಡುಸು, ಹಾಗಾಗಿ ಅಲ್ಲಿ ಕೆಲಸ ಜಾಸ್ತಿ. ಮೇಲಿನ ಗೇರಿನಲ್ಲಿ ಎಂಜಿನ್ ಗುದ್ದಾಡಿಕೊಂಡು ಹತ್ತುವಂತೆ ಓಡಿಸುವ ಅಭ್ಯಾಸ ಇದ್ದವರು ಈ ಏಟನ್ನು ತಾವೇ ಹೆಚ್ಚಿಸಿಕೊಳ್ಳುತ್ತಾರೆ. ಮೈಲೇಜ್ ಆಸೆಗೆ ನಾನೂ ಹಾಗೇ ಓಡಿಸುತ್ತಿದ್ದೆ. ಬೆಂಗಳೂರಿನ ಕಾರುಗಳದು ಇನ್ನೊಂದು ಕಷ್ಟ. ಸಿಲ್ಕ್ ಬೋರ್ಡ್ ಹತ್ತಿರ ನಿಂತಲ್ಲೇ ಎಸಿ ಹಾಕಿಕೊಂಡು ಕಳೆದ ಗಂಟೆಗಳು ಮೀಟರಿನಲ್ಲಿ ಕಾಣುವುದಿಲ್ಲ, ಪುಲ್ಲಿಗೆ ಮಾತ್ರ ಅಷ್ಟೂ ಲೆಕ್ಕ.

ನನ್ನ ಕಾರಿನ ಅಸಲಿ ಕಾರಣ ಬೇರೆಯೇ ಇತ್ತು. ಪುಲ್ಲಿ ಬಿಚ್ಚಿದಾಗ ಅದರ ಹಿಂದೆ ಜಿಗುಟು ಎಣ್ಣೆ. ಕ್ರಾಂಕ್ ಶಾಫ್ಟ್ ಎಂಜಿನ್ನಿನಿಂದ ಹೊರಗೆ ಬರುವ ಜಾಗದಲ್ಲಿ ಒಂದು ಆಯಿಲ್ ಸೀಲ್ ಇರುತ್ತದೆ, ಕೈಬಳೆಯಷ್ಟು ದೊಡ್ಡ ರಬ್ಬರ್ ಉಂಗುರ. ಅದು ಯಾವಾಗಲೋ ಸೋರತೊಡಗಿತ್ತು. ಎಂಜಿನ್ ಆಯಿಲ್ ತಾಗಿದ ಪುಲ್ಲಿಯ ರಬ್ಬರ್ ಮೆತ್ತಗಾಗಿ, ಊದಿ, ಕಬ್ಬಿಣ ಬಿಟ್ಟಿತ್ತು. ಇನ್ನೂರು ರೂಪಾಯಿಯ ಸೀಲಿನಿಂದ ಇಷ್ಟೆಲ್ಲ. ಪುಲ್ಲಿ ಬದಲಾಯಿಸಿ ಸೀಲ್ ಹಾಗೇ ಬಿಟ್ಟರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಪುಲ್ಲಿ ಬಿಚ್ಚಿದಾಗ ಸೀಲ್ ಒದ್ದೆಯಾಗಿದೆಯಾ ಅಂತ ನೀವೇ ಬಗ್ಗಿ ನೋಡಿ.

ಇದನ್ನು ಹೀಗೇ ಓಡಿಸಿದ್ದರೆ ಏನಾಗುತ್ತಿತ್ತು? ಕ್ರಾಂಕ್ ಶಾಫ್ಟ್ ನಾಳೆಯೇ ಮುರಿಯುತ್ತದೆ ಅಂತ ಹೆದರಿಸುವುದು ಸರಿಯಲ್ಲ. ಅದು ಅಪರೂಪ, ಆಗುವುದಾದರೂ ನಿಧಾನ. ಹತ್ತಿರದ ಅಪಾಯಗಳು ಬೇರೆ. ನೀರಿನ ಪಂಪ್ ನಿಂತು ಎಂಜಿನ್ ಕಾದರೆ ಎಂಜಿನ್ನಿನ ಮೇಲ್ಭಾಗದ ಸಂದು ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಬಳೆ ಪೂರ್ತಿ ಕಳಚಿದರೆ ಪಕ್ಕದಲ್ಲಿದ್ದ ಪೈಪು, ಕವರ್ ಒಡೆಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಟೈಮಿಂಗ್ ಬೆಲ್ಟ್, ಅಂದರೆ ವಾಲ್ವ್‌ಗಳನ್ನು ಪಿಸ್ಟನ್‌ಗಳ ತಾಳಕ್ಕೆ ಆಡಿಸುವ ಒಳಗಿನ ಬೆಲ್ಟ್, ಇರುವ ಎಂಜಿನ್‌ಗಳಲ್ಲಿ. ಹರಿದ ಹೊರ ಬೆಲ್ಟಿನ ದಾರ ಪುಲ್ಲಿಯ ಹಿಂದಿನ ಸಂದಿಯಿಂದ ಒಳಗೆ ನುಗ್ಗಿ ಟೈಮಿಂಗ್ ಬೆಲ್ಟಿಗೆ ಸಿಕ್ಕಿಕೊಂಡರೆ ವಾಲ್ವ್‌ಗಳೂ ಪಿಸ್ಟನ್‌ಗಳೂ ಗುದ್ದಾಡಬಹುದು. ಆಮೇಲೆ ಎಂಜಿನ್ ಬಿಚ್ಚುವುದೊಂದೇ ದಾರಿ. ಅದಕ್ಕೇ ಬ್ಯಾಟರಿ ದೀಪವೂ ಟೆಂಪರೇಚರ್ ಮುಳ್ಳೂ ಒಟ್ಟಿಗೆ ಎದ್ದರೆ ಇನ್ನೊಂದು ಕಿಲೋಮೀಟರ್ ಹೋಗಿ ನೋಡೋಣ ಅನ್ನಬೇಡಿ.

ರಿಪೇರಿ ನೋಡೋಕೆ ಸುಲಭ, ಒಂದೇ ಬೋಲ್ಟ್. ಆದರೆ ಆ ಬೋಲ್ಟಿನ ಬಿಗಿ 100 ನ್ಯೂಟನ್ ಮೀಟರಿಗೂ ಜಾಸ್ತಿ. ಕೆಲವು ಎಂಜಿನ್‌ಗಳಲ್ಲಿ ಅಷ್ಟು ಬಿಗಿದ ಮೇಲೂ ಇಂತಿಷ್ಟು ಡಿಗ್ರಿ ತಿರುಗಿಸು ಅಂತ ಇರುತ್ತದೆ. ಹಾಗೆ ಬಿಗಿಯುವಾಗ ಬೋಲ್ಟ್ ಸ್ವಲ್ಪ ಹಿಗ್ಗುವುದರಿಂದ ಅದನ್ನು ಮತ್ತೆ ಹಾಕುವ ಹಾಗಿಲ್ಲ, ಹೊಸದೇ ಬೇಕು. ಮೇಸ್ತ್ರಿ ಐದನೇ ಗೇರ್ ಹಾಕಿಸಿ, ಹುಡುಗನನ್ನು ಬ್ರೇಕ್ ಮೇಲೆ ನಿಲ್ಲಿಸಿ, ಸ್ಪಾನರಿಗೆ ಮೂರಡಿ ಪೈಪ್ ತೂರಿಸಿ ಎಳೆದರು. ಟಕ್ ಅಂತ ಬಂತು. ಆದರೆ ಎಲ್ಲ ಎಂಜಿನ್‌ಗಳಲ್ಲೂ ಹೀಗೆ ಮಾಡುವ ಹಾಗಿಲ್ಲ. ಕೆಲವದರಲ್ಲಿ ಟೈಮಿಂಗ್ ಹಲ್ಲುಚಕ್ರವನ್ನೂ ಇದೇ ಬೋಲ್ಟಿನ ಬಿಗಿಯೇ ಹಿಡಿದಿರುತ್ತದೆ, ಜಾರದಂತೆ ನಡುವೆ ಸಿಕ್ಕಿಸುವ ಕೀಲಿ ತುಂಡು ಇರುವುದಿಲ್ಲ. ಲಾಕ್ ಮಾಡುವ ಟೂಲ್ ಇಲ್ಲದೆ ಬಿಚ್ಚಿದರೆ ಟೈಮಿಂಗ್ ತಪ್ಪುತ್ತದೆ. ನಿಮ್ಮದು ಯಾವ ಥರದ್ದು ಅಂತ ಕೈ ಹಾಕುವ ಮೊದಲೇ ಕೇಳಿ. ಕೇಳಿದರೆ ಯಾರೂ ಹೊಡೆಯುವುದಿಲ್ಲ.

ಪುಲ್ಲಿ ಹಾಸನದಿಂದ ಮಾರನೇ ದಿನ ಬಸ್ಸಿನಲ್ಲಿ ಬಂತು. ಕಂಪನಿಯದ್ದು 5,200 ರೂಪಾಯಿ, ಅಂಗಡಿಯಲ್ಲಿ ಲೋಕಲ್ ಮಾಲು 1,400ಕ್ಕೂ ಇತ್ತಂತೆ. ಇಲ್ಲಿ ಮಾತ್ರ ನಾನು ಜುಗ್ಗತನ ಮಾಡಲಿಲ್ಲ. ನೋಡೋಕೆ ಎರಡೂ ಒಂದೇ, ಆದರೆ ರಬ್ಬರಿನ ಗಟ್ಟಿತನ, ಬಳೆಯ ತೂಕ ಆ ಎಂಜಿನ್ನಿಗೆ ಹೊಂದಿದೆಯಾ ಅನ್ನುವುದು ಕಣ್ಣಿಗೆ ಕಾಣುವ ವಿಷಯವಲ್ಲ. ರಬ್ಬರೇ ಇಲ್ಲದ ಹಗುರ ಅಲ್ಯೂಮಿನಿಯಂ ಪುಲ್ಲಿ ಹಾಕಿಸಿ ಪಿಕಪ್ ಜಾಸ್ತಿಯಾಯ್ತು ಅನ್ನುವ ಹುಡುಗರೂ ಇದ್ದಾರೆ. ಕಂಪನಿಯವರು ರಬ್ಬರ್ ಇಟ್ಟ ಜಾಗದಲ್ಲಿ ಅದನ್ನು ತೆಗೆಯುವುದು ನನಗಂತೂ ಸರಿ ಕಾಣುವುದಿಲ್ಲ.

ಹಳೆಯ ಪುಲ್ಲಿಯನ್ನು ಕೇಳಿ ಇಸ್ಕೊಂಡು ಬಂದೆ. ಗುಂಬ ಹಿಡಿದು ಬಳೆ ತಿರುಗಿಸಿದರೆ ಈಗಲೂ ಸಲೀಸಾಗಿ ತಿರುಗುತ್ತದೆ, ಅಂಗೈಗೆ ಕಪ್ಪು ಪುಡಿ ಮೆತ್ತುತ್ತದೆ. ಹೊಸದರ ಮೇಲೆ ಮೇಸ್ತ್ರಿ ತಾವೇ ಬಿಳಿ ಗೆರೆ ಎಳೆದು ಕಳಿಸಿದ್ದಾರೆ. ಪ್ರತಿ ಸರ್ವಿಸ್‌ಗೆ ಚಕ್ರ ಬಿಚ್ಚಿದಾಗ ಟಾರ್ಚ್ ಬಿಟ್ಟು ನೋಡುತ್ತೇನೆ.